ಲೇತ್‌ನ ಭಾಗಗಳು: ಯಾವುದು ಏನು ಮಾಡುತ್ತದೆ, ಕೆಟ್ಟರೆ ಜಾಬ್‌ನಲ್ಲಿ ಹೇಗೆ ಗೊತ್ತಾಗುತ್ತದೆ

ಲೇತ್ ಎಂದರೆ ಲೋಹದ ತುಂಡನ್ನು (ಜಾಬ್) ತಿರುಗಿಸುತ್ತ, ಕತ್ತರಿಸುವ ಉಳಿಯಿಂದ (ಟೂಲ್) ಅದನ್ನು ಅಳತೆಗೆ ತರುವ ಯಂತ್ರ. ಅದರಲ್ಲಿ ಕಾಯಬೇಕಾದದ್ದು ಕಣ್ಣಿಗೆ ಕಾಣದ ಎರಡು ಗೆರೆಗಳನ್ನು. ಒಂದು ಸ್ಪಿಂಡಲ್ (ಜಾಬನ್ನು ತಿರುಗಿಸುವ ಪೊಳ್ಳು ದಂಡ) ತಿರುಗುವ ಅಕ್ಷ, ಇನ್ನೊಂದು ಟೂಲ್ ಸಾಗುವ ದಾರಿ. ಎರಡೂ ಸಮಾನಾಂತರವಾಗಿದ್ದರೆ ಶಾಫ್ಟ್ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ ಬರುತ್ತದೆ. ಕೂದಲೆಳೆಯಷ್ಟು ಓರೆಯಾದರೂ ಟೇಪರ್, ಅಂದರೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಅಡ್ಡ ಸಾಗುವಾಗ ಟೂಲ್ ಅಕ್ಷಕ್ಕೆ ನೇರ ಲಂಬವಾಗಿದ್ದರೆ ಫೇಸ್ (ಜಾಬ್‌ನ ತುದಿಯ ಮುಖ) ಚಪ್ಪಟೆಯಾಗುತ್ತದೆ, ಇಲ್ಲದಿದ್ದರೆ ತಟ್ಟೆಯೋ ಉಬ್ಬೋ ಆಗುತ್ತದೆ. ಬೆಡ್ (ಅಡಿಯ ಉದ್ದನೆಯ ಎರಕ), ಹೆಡ್‌ಸ್ಟಾಕ್ (ಎಡತುದಿಯಲ್ಲಿ ಸ್ಪಿಂಡಲ್ ಹಿಡಿಯುವ ಪೆಟ್ಟಿಗೆ), ಕ್ಯಾರೇಜ್ (ಟೂಲ್ ಹೊತ್ತು ಸಾಗುವ ಭಾಗ), ಟೇಲ್‌ಸ್ಟಾಕ್ (ಬಲತುದಿಯ ಆಧಾರ) ಎಲ್ಲವೂ ಈ ಗೆರೆಗಳನ್ನು ಹಿಡಿದಿಡಲು ಇರುವಂಥವು. ಪಠ್ಯಪುಸ್ತಕದ ಚಿತ್ರ ನೋಡಿ ಭಾಗಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದವರಿಗೂ ಜಾಬ್ 0.04 ಮಿ.ಮೀ. ಟೇಪರ್ ಬಂದಾಗ ಯಾವ ಸ್ಕ್ರೂಗೆ ಕೈಹಾಕಬೇಕೆಂದು ತಿಳಿಯದೆ ಹೋಗುವುದು ಇದಕ್ಕೇ. ಆದ್ದರಿಂದ ಇಲ್ಲಿ ಪ್ರತಿ ಭಾಗದ ಕೆಲಸದ ಜೊತೆಗೆ ಅದನ್ನು ಪರೀಕ್ಷಿಸುವ ಕ್ರಮವನ್ನೂ ಕೊಟ್ಟಿದೆ.

ಇಲ್ಲಿ ಲೇತ್ ಎಂದರೆ ಸಾಮಾನ್ಯ ಸೆಂಟರ್ ಲೇತ್. ಪೀಣ್ಯದ ಶೆಡ್‌ಗಳಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಪಂಪ್ ಶಾಫ್ಟ್‌ಗೂ ಟ್ರ್ಯಾಕ್ಟರ್ ಬುಶ್‌ಗೂ ಜನ ಹುಡುಕಿಕೊಂಡು ಬರುವ ತಾಲ್ಲೂಕು ಪೇಟೆಯ ವರ್ಕ್‌ಶಾಪ್‌ಗಳಲ್ಲಿ ಇರುವುದು ಇದೇ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಎರಡೂ ಲೇತ್ ತಯಾರಿಸಿದವು. ಎಚ್‌ಎಂಟಿಯ ಮೊದಲ ಯಂತ್ರ ಸ್ವಿಟ್ಜರ್ಲೆಂಡಿನ ಓರ್ಲಿಕನ್ ಸಹಯೋಗದ ಎಚ್22 ಲೇತ್. ಆ ಕಾಲದ ಯಂತ್ರಗಳು ಇಂದಿಗೂ ಕೈಬದಲಾಗುತ್ತ ಓಡುತ್ತಿವೆ. ಹಳೆಯ ಲೇತ್ ಕೊಳ್ಳಲು ಹೊರಟವರಿಗೂ ಈ ಪರೀಕ್ಷೆಗಳು ಹಾಗೇ ಅನ್ವಯಿಸುತ್ತವೆ.

ಮೊದಲು ಅಳತೆಯ ಲೆಕ್ಕ

ಪೇಟೆಯಲ್ಲಿ "ಆರಡಿ ಲೇತ್" ಎಂದರೆ ಬೆಡ್‌ನ ಒಟ್ಟು ಉದ್ದ ಆರಡಿ. ಎಡಕ್ಕೆ ಹೆಡ್‌ಸ್ಟಾಕ್, ಬಲಕ್ಕೆ ಟೇಲ್‌ಸ್ಟಾಕ್ ಕೂತ ಮೇಲೆ ಎರಡು ಸೆಂಟರ್‌ಗಳ (ಜಾಬ್‌ನ ತುದಿಗಳನ್ನು ಹಿಡಿಯುವ ಚೂಪು ಮೊನೆಗಳು) ನಡುವೆ ಉಳಿಯುವುದು ಸುಮಾರು ಮೂರಡಿ ಮಾತ್ರ. ಐದಡಿ ಶಾಫ್ಟ್ ಮಾಡಬೇಕೆಂದು ಆರಡಿ ಲೇತ್ ತಂದವರು ಪೇಚಾಡುವುದು ಇಲ್ಲಿ. ಕೇಳಬೇಕಾದ ಅಳತೆಗಳು ನಾಲ್ಕು: ಸೆಂಟರ್‌ಗಳ ನಡುವಿನ ದೂರ, ಬೆಡ್ ಮೇಲಿನ ಸೆಂಟರ್ ಎತ್ತರ, ಕ್ರಾಸ್ ಸ್ಲೈಡ್ (ಕ್ಯಾರೇಜ್ ಮೇಲೆ ಅಡ್ಡ ಸರಿಯುವ ಭಾಗ) ಮೇಲೆ ತಿರುಗಬಲ್ಲ ದಪ್ಪ, ಸ್ಪಿಂಡಲ್‌ನ ತೂತು. ಸೆಂಟರ್ ಎತ್ತರ 200 ಮಿ.ಮೀ. ಇದ್ದರೆ ಬೆಡ್ ಮೇಲೆ 400 ಮಿ.ಮೀ. ವ್ಯಾಸದ ಜಾಬ್ ತಿರುಗುತ್ತದೆ. ಆದರೆ ಅದೇ ಜಾಬ್ ಉದ್ದವಿದ್ದು ಅದರಡಿ ಕ್ರಾಸ್ ಸ್ಲೈಡ್ ಹಾಯಬೇಕಾದರೆ ಆ ಅಳತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸ್ಪಿಂಡಲ್ ತೂತು ಚಿಕ್ಕದಾದರೆ ಉದ್ದನೆಯ ಸರಳನ್ನು ಒಳಗಿಂದ ತೂರಿಸಿಕೊಂಡು ಕೆಲಸ ಮಾಡಲಾಗದು; ಪ್ರತಿ ಜಾಬ್‌ಗೂ ಕತ್ತರಿಸಿ ಕೊಡಬೇಕಾಗುತ್ತದೆ.

ಬೆಡ್

ಬೆಡ್ ಬೂದು ಎರಕದ ಕಬ್ಬಿಣದ್ದು. ಅದರೊಳಗೆ ಪದರಪದರವಾಗಿರುವ ಗ್ರಾಫೈಟ್ ನಡುಕವನ್ನು ಹೀರಿಕೊಳ್ಳುತ್ತದೆ. ಉಕ್ಕಿನ ಚೌಕಟ್ಟು ಗಂಟೆಯಂತೆ ಮೊಳಗುತ್ತದೆ. ಮೇಲ್ಮೈಯಲ್ಲಿ ಸಾಮಾನ್ಯವಾಗಿ ತಲೆಕೆಳಗಾದ 'ವಿ' ಆಕಾರದ ಏಣುಗಳೂ ಚಪ್ಪಟೆ ಹಳಿಗಳೂ ಇರುತ್ತವೆ. ಹೊರಗಿನ ಜೋಡಿಯ ಮೇಲೆ ಕ್ಯಾರೇಜ್, ಒಳಗಿನ ಜೋಡಿಯ ಮೇಲೆ ಟೇಲ್‌ಸ್ಟಾಕ್ ಸರಿಯುತ್ತದೆ. ಹೀಗೆ ಬೇರೆಬೇರೆ ಮಾಡಿರುವುದರಿಂದ ಕ್ಯಾರೇಜ್ ಓಡಾಡಿ ಹಳಿ ಸವೆದರೂ ಟೇಲ್‌ಸ್ಟಾಕ್‌ನ ಹಳಿ ಉಳಿದುಕೊಳ್ಳುತ್ತದೆ.

ಕೆಲವು ಲೇತ್‌ಗಳಲ್ಲಿ ಚಕ್‌ನ (ಸ್ಪಿಂಡಲ್ ತುದಿಯಲ್ಲಿ ಜಾಬ್ ಹಿಡಿಯುವ ಸಾಧನ) ಕೆಳಗೆ ಬೆಡ್‌ನ ಒಂದು ತುಂಡನ್ನು ಬಿಚ್ಚಬಹುದು. ಇದು ಗ್ಯಾಪ್ ಬೆಡ್. ದೊಡ್ಡ ಪುಲ್ಲಿ, ಫ್ಲೈವೀಲ್ ಹಿಡಿಯುವಾಗ ಉಪಕಾರ. ಆದರೆ ಆ ತುಂಡನ್ನು ಬೆಡ್ ಜೊತೆಯಲ್ಲೇ ಗ್ರೈಂಡ್ ಮಾಡಿರುತ್ತಾರೆ. ಮತ್ತೆ ಕೂರಿಸುವಾಗ ಅಡಿಯಲ್ಲಿ ಒಂದು ಚೂರು ಚಿಪ್ಸ್ (ಕತ್ತರಿಸಿ ಬಿದ್ದ ಲೋಹದ ಸಿಪ್ಪೆ) ಸಿಕ್ಕಿದರೂ ಹಳಿಯಲ್ಲಿ ಮೆಟ್ಟಿಲು ಬೀಳುತ್ತದೆ. ಜಾಗ ಹಿಡಿದಿಡುವ ಡೋವೆಲ್ ಪಿನ್ ಮೊದಲು ಹಾಕಿ, ಆಮೇಲೆ ಬೋಲ್ಟ್ ಬಿಗಿಯಿರಿ, ಉಲ್ಟಾ ಮಾಡಬೇಡಿ. ತೀರಾ ಅಗತ್ಯವಿಲ್ಲದಿದ್ದರೆ ಅದನ್ನು ಬಿಚ್ಚದಿರುವುದೇ ಕ್ಷೇಮ.

ಬೆಡ್ ಸವೆಯುವುದು ಚಕ್‌ನಿಂದ ಒಂದು–ಒಂದೂವರೆ ಅಡಿ ದೂರದೊಳಗೆ, ಏಕೆಂದರೆ ಹೆಚ್ಚಿನ ಕೆಲಸವೆಲ್ಲ ಅಲ್ಲೇ. ಪರೀಕ್ಷೆ ಸುಲಭ: ಕ್ಯಾರೇಜನ್ನು ಚಕ್ ಹತ್ತಿರ ತಂದು, ಕೈಚಕ್ರ ತುಸು ಬಿಗಿಯಾಗಿ ತಿರುಗುವಷ್ಟು ಕ್ಯಾರೇಜ್ ಲಾಕ್ ಹಾಕಿ. ಹಾಗೇ ಟೇಲ್‌ಸ್ಟಾಕ್ ಕಡೆಗೆ ನಡೆಸಿ. ಕೊನೆಯವರೆಗೂ ಒಂದೇ ಬಿಗಿ ಇದ್ದರೆ ಬೆಡ್ ಚೆನ್ನಾಗಿದೆ. ದಾರಿಯಲ್ಲಿ ಕಚ್ಚಿಕೊಂಡು ನಿಂತರೆ ಚಕ್ ಬಳಿ ಹಳಿ ತಗ್ಗಾಗಿದೆ ಎಂದರ್ಥ. ಹಳೆಯ ಯಂತ್ರ ಮಾರುವವರು ಹೊಸ ಹಸಿರು ಬಣ್ಣ ಬಳಿಯಬಹುದು, ಈ ತಗ್ಗಿಗೆ ಬಣ್ಣವಿಲ್ಲ.

ಬೆಡ್ ಎಷ್ಟೇ ದಪ್ಪವಿದ್ದರೂ ತಿರುಚಿಕೊಳ್ಳುತ್ತದೆ. ನಾಲ್ಕು ಕಾಲುಗಳಲ್ಲಿ ಒಂದು ಗಾಳಿಯಲ್ಲಿದ್ದು ಅದನ್ನು ಬೋಲ್ಟ್ ಹಾಕಿ ನೆಲಕ್ಕೆ ಎಳೆದರೆ ಸಾಕು, ಇಡೀ ಬೆಡ್ ಸುತ್ತಿಕೊಳ್ಳುತ್ತದೆ. ಅದಕ್ಕೇ ಲೆವೆಲ್ ಮಾಡುವುದು. ಮೇಸ್ತ್ರಿ ಬಳಸುವ ರಸಮಟ್ಟ ಇಲ್ಲಿ ಸಾಲದು, ಮೀಟರ್‌ಗೆ 0.02 ಮಿ.ಮೀ. ತೋರಿಸುವ ಸ್ಪಿರಿಟ್ ಲೆವೆಲ್ ಬೇಕು. ಕ್ರಮ ಹೀಗೆ:

1. ಹಳಿಗಳನ್ನು ಒರೆಸಿ, ಕ್ರಾಸ್ ಸ್ಲೈಡ್ ಮೇಲೆ ಲೆವೆಲ್ ಅನ್ನು ಬೆಡ್‌ಗೆ ಅಡ್ಡಲಾಗಿ ಇಡಿ. ಕ್ಯಾರೇಜನ್ನು ಚಕ್ ಬಳಿ ತಂದು ಗುಳ್ಳೆ ಎಲ್ಲಿದೆ ನೋಡಿಕೊಳ್ಳಿ.
2. ಲೆವೆಲ್ ಅಲುಗಿಸದೆ ಕ್ಯಾರೇಜನ್ನು ಟೇಲ್‌ಸ್ಟಾಕ್ ಕಡೆಯ ತುದಿಗೆ ಒಯ್ಯಿರಿ. ಗುಳ್ಳೆ ಅದೇ ಗೆರೆಯಲ್ಲಿ ನಿಲ್ಲಬೇಕು. ಎರಡೂ ಕಡೆ ಗುಳ್ಳೆ ಒಂದೇ ಬದಿಗೆ, ಒಂದೇ ಅಳತೆಯಷ್ಟು ಸರಿದಿದ್ದರೆ ಅಂಥ ದೋಷವೇನಿಲ್ಲ. ಎರಡು ತುದಿಯಲ್ಲಿ ಎರಡು ರೀತಿ ತೋರಿಸಿದರೆ ಬೆಡ್ ತಿರುಚಿದೆ.
3. ಟೇಲ್‌ಸ್ಟಾಕ್ ಕಡೆಯ ಕಾಲುಗಳ ಸ್ಕ್ರೂ ಇಲ್ಲವೇ ಶಿಮ್‌ನಿಂದ (ಅಡಿಗೆ ಕೊಡುವ ತೆಳು ತಗಡು) ಸರಿಪಡಿಸಿ, ಫೌಂಡೇಶನ್ ನಟ್ ಬಿಗಿದು, ಮತ್ತೆ ನೋಡಿ. ಬಿಗಿದ ಮೇಲೆ ಬದಲಾಗುವುದೇ ಹೆಚ್ಚು.
4. ಕೊನೆಯ ತೀರ್ಪು ಜಾಬ್‌ನದು. 50 ಮಿ.ಮೀ. ದಪ್ಪದ ಸರಳನ್ನು ಚಕ್‌ನಿಂದ 200 ಮಿ.ಮೀ. ಹೊರಗಿಟ್ಟು, ಟೇಲ್‌ಸ್ಟಾಕ್ ಕೊಡದೆ, ಎರಡು ತುದಿಯಲ್ಲಿ 20 ಮಿ.ಮೀ. ಅಗಲದ ಕಾಲರ್ ಉಳಿಯುವಂತೆ ನಡುವೆ ತಗ್ಗು ಮಾಡಿ. ಹರಿತವಾದ ಟೂಲ್‌ನಿಂದ, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಕಾಲರ್ ಮೇಲೆ 0.1 ಮಿ.ಮೀ. ಹಗುರ ಕಟ್ ಹಾಕಿ ಮೈಕ್ರೋಮೀಟರ್‌ನಿಂದ ಅಳೆಯಿರಿ.

ಹೊರಗಿನ ಕಾಲರ್ ದಪ್ಪ ಬಂದರೆ ಅಲ್ಲಿ ಟೂಲ್ ಅಕ್ಷದಿಂದ ದೂರ ಹೋಗುತ್ತಿದೆ. ಟೇಲ್‌ಸ್ಟಾಕ್ ತುದಿಯ ಮುಂದಿನ ಕಾಲನ್ನು, ಅಂದರೆ ಆಪರೇಟರ್ ನಿಲ್ಲುವ ಕಡೆಯದನ್ನು ತುಸು ಎತ್ತಿ. ಸಣ್ಣದಾದರೆ ಅದನ್ನೇ ಇಳಿಸಿ. ಭಾರೀ ಕಟ್ ಹಾಕಿ ಈ ಪರೀಕ್ಷೆ ಮಾಡಬೇಡಿ. ಸರಳೇ ಬಾಗಿ ಹೊರತುದಿ ದಪ್ಪ ಬರುತ್ತದೆ, ಬೆಡ್ ಮೇಲೆ ಸುಳ್ಳು ದೂರು ಬೀಳುತ್ತದೆ.

ಬೆಡ್ ಮೇಲೆ ಸ್ಪ್ಯಾನರ್, ಫೈಲ್ ಇಡುವ ಚಾಳಿ ಎಲ್ಲ ಕಡೆ ಇದೆ. ಒಂದು ಹಲಗೆ ಇಟ್ಟುಕೊಂಡರೆ ಮುಗಿಯಿತು. ಚಕ್ ಬಿಚ್ಚುವಾಗಲಂತೂ ಹಲಗೆ ಬೇಕೇ ಬೇಕು. ಇನ್ನೊಂದು ಮಾತು: ಆಯುಧಪೂಜೆಯ ದಿನ ಬೆಡ್ ಮೇಲೆ ನಿಂಬೆಹಣ್ಣು ಕೊಯ್ದಿಟ್ಟು, ತೆಂಗಿನಕಾಯಿ ನೀರು ಚೆಲ್ಲಿ, ಮಾರನೆಯ ದಿನ ರಜೆ ಎಂದು ಹೊರಟುಬಿಟ್ಟರೆ ಎರಕದ ಕಬ್ಬಿಣದ ಮೇಲೆ ಆ ಗುರುತು ತುಕ್ಕಾಗಿ ಉಳಿಯುತ್ತದೆ. ಪೂಜೆಗೆ ಮೊದಲು ಹಳಿಗೆ ದಪ್ಪಗೆ ಎಣ್ಣೆ ಸವರಿ, ನಿಂಬೆಯನ್ನು ಹೆಡ್‌ಸ್ಟಾಕ್ ಮುಚ್ಚಳದ ಮೇಲಿಡಿ.

ಮೋಟಾರ್, ಹೆಡ್‌ಸ್ಟಾಕ್, ಸ್ಪಿಂಡಲ್

ಮೋಟಾರಿನಿಂದ ವಿ-ಬೆಲ್ಟ್ ಮೂಲಕ ಶಕ್ತಿ ಹೆಡ್‌ಸ್ಟಾಕ್‌ಗೆ ಬರುತ್ತದೆ. ತ್ರೀ ಫೇಸ್ ಮೋಟಾರಿನ ಎರಡು ವೈರ್ ಅದಲುಬದಲಾದರೆ ತಿರುಗುವ ದಿಕ್ಕೇ ಬದಲಾಗುತ್ತದೆ. ಲೈನ್ ರಿಪೇರಿ ಆದ ಮೇಲೆ, ಯಂತ್ರ ಜಾಗ ಬದಲಿಸಿದ ಮೇಲೆ ಜಾಬ್ ಹಾಕದೆ ಒಮ್ಮೆ ಚಾಲೂ ಮಾಡಿ ದಿಕ್ಕು ನೋಡಿ. ಒಂದು ಫೇಸ್ ಹೋದಾಗ ಮೋಟಾರ್ ಗುಂಯ್‌ಗುಡುತ್ತ ಎಳೆಯದೆ ನಿಂತು, ಕೆಲವೇ ನಿಮಿಷದಲ್ಲಿ ವೈಂಡಿಂಗ್ ಸುಡುತ್ತದೆ. ಓವರ್‌ಲೋಡ್ ರಿಲೇ ಜೊತೆಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸುವ ಖರ್ಚು ರೀವೈಂಡಿಂಗ್‌ಗಿಂತ ಕಡಿಮೆ.

ಹೆಡ್‌ಸ್ಟಾಕ್‌ನ ಕೆಲಸ ಎರಡು: ಸ್ಪಿಂಡಲ್ ಅಲುಗದಂತೆ ಹಿಡಿಯುವುದು, ಅದಕ್ಕೆ ಬೇಕಾದ ವೇಗ ಕೊಡುವುದು. ಹಳೆಯ ಲೇತ್‌ಗಳಲ್ಲಿ ಮೆಟ್ಟಿಲು ಪುಲ್ಲಿ ಇರುತ್ತದೆ; ಬೆಲ್ಟನ್ನು ಪುಲ್ಲಿಯಿಂದ ಪುಲ್ಲಿಗೆ ದಾಟಿಸಿ ವೇಗ ಬದಲಿಸಬೇಕು. ಇನ್ನೂ ನಿಧಾನ ಬೇಕಾದರೆ ಬ್ಯಾಕ್ ಗಿಯರ್. ಅದನ್ನು ಕೂಡಿಸುವ ಮುನ್ನ ದೊಡ್ಡ ಗಿಯರನ್ನು ಪುಲ್ಲಿಗೆ ಸೇರಿಸುವ ಪಿನ್ ಹೊರಗೆಳೆಯಬೇಕು. ಪಿನ್ ಒಳಗಿರುವಾಗಲೇ ಬ್ಯಾಕ್ ಗಿಯರ್ ಕೂಡಿಸಿದರೆ ಸ್ಪಿಂಡಲ್ ಲಾಕ್ ಆಗುತ್ತದೆ. ಆ ಸ್ಥಿತಿಯಲ್ಲಿ ಮೋಟಾರ್ ಚಾಲೂ ಮಾಡಿದರೆ ಗಿಯರಿನ ಹಲ್ಲು ಮುರಿಯುತ್ತದೆ. ಆಲ್ ಗಿಯರ್ ಲೇತ್‌ನಲ್ಲಿ ಲಿವರ್‌ಗಳಿಂದಲೇ ವೇಗ ಬದಲಾಗುತ್ತದೆ, ಆದರೆ ನಿಂತಾಗ ಮಾತ್ರ. ಲಿವರ್ ಕೂರದಿದ್ದರೆ ಚಕ್ಕನ್ನು ಕೈಯಿಂದ ಸ್ವಲ್ಪ ತಿರುಗಿಸಿ, ಹಲ್ಲು ತಾನಾಗಿ ಸೇರುತ್ತದೆ. ಮೋಟಾರನ್ನು ಕ್ಷಣಮಾತ್ರ ತಿರುಗಿಸುವ ಇಂಚಿಂಗ್ ಬಟನ್ ಒತ್ತಿ ಒತ್ತಿ ತುರುಕಬೇಡಿ.

ವೇಗದ ಲೆಕ್ಕಕ್ಕೆ ಒಂದು ಅಂದಾಜು ಸಾಕು: ನಿಮಿಷಕ್ಕೆ ಎಷ್ಟು ಮೀಟರ್ ಕತ್ತರಿಸುವ ವೇಗ ಬೇಕೋ ಅದನ್ನು 320ರಿಂದ ಗುಣಿಸಿ, ಜಾಬ್‌ನ ಮಿ.ಮೀ. ವ್ಯಾಸದಿಂದ ಭಾಗಿಸಿ. ಎಂಎಸ್ (ಮೆದು ಉಕ್ಕಿನ) ಸರಳು, ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಆದರೆ 25 ಮೀಟರ್. ಅಂದರೆ 8000 ಭಾಗಿಸು ವ್ಯಾಸ. 40 ಮಿ.ಮೀ. ಸರಳಿಗೆ 200 ಆರ್‌ಪಿಎಂ. ಕಾರ್ಬೈಡ್ ಟೂಲ್‌ಗೆ ಇದರ ನಾಲ್ಕು ಪಟ್ಟು ಸಲೀಸಾಗಿ ಹೋಗಬಹುದು, ಯಂತ್ರವೂ ಹಿಡಿತವೂ ತಡೆದುಕೊಂಡರೆ. ಎಚ್‌ಎಸ್‌ಎಸ್ ತುದಿ ನೀಲಿಯಾಯಿತೆಂದರೆ ವೇಗ ಹೆಚ್ಚಾಗಿದೆ. ಕಾರ್ಬೈಡ್‌ನಲ್ಲಿ ಮೇಲ್ಮೈ ಹರಿದಂತೆ ಮಂಕಾಗಿ ಬರುತ್ತಿದ್ದರೆ ಬಹುತೇಕ ವೇಗ ಕಡಿಮೆಯಾಗಿದೆ.

ಸ್ಪಿಂಡಲ್ ಪರೀಕ್ಷೆಗೆ ಚಕ್ ಬಿಚ್ಚಿ, ಮೂತಿಯ ಒಳ ಟೇಪರನ್ನು ಒರೆಸಿ, ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಮಾಪಕ) ತಾಗಿಸಿ ಕೈಯಿಂದ ತಿರುಗಿಸಿ. ಮುಳ್ಳು 0.01 ಮಿ.ಮೀ. ಒಳಗೆ ಆಡಬೇಕು. ಆಮೇಲೆ ಗೇಜನ್ನು ಮೂತಿಯ ಮೇಲ್ಭಾಗಕ್ಕೆ ತಾಗಿಸಿ, ಸ್ಪಿಂಡಲ್ ತೂತಿಗೆ ಮರದ ದೊಣ್ಣೆ ತೂರಿಸಿ ಮೇಲಕ್ಕೆ ಮೀಟಿ. ಬಿಟ್ಟಾಗ ಮುಳ್ಳು ಮತ್ತೆ ಸೊನ್ನೆಗೆ ಬಂದರೆ ಬಾಗಿದ್ದಷ್ಟೇ. ಮೀಟಿದಲ್ಲೇ ಸಡಿಲವಾಗಿ ಉಳಿದರೆ ಬೇರಿಂಗ್‌ನಲ್ಲಿ ಪ್ಲೇ ಇದೆ. ಬೇರಿಂಗ್ ಸಡಿಲವಾದ ಲೇತ್ ಪಾರ್ಟಿಂಗ್ (ಜಾಬನ್ನು ಕತ್ತರಿಸಿ ಬೇರ್ಪಡಿಸುವುದು) ಮಾಡುವಾಗ ಮೊದಲು ಬಾಯಿಬಿಡುತ್ತದೆ: ಕಿರುಚಾಟ, ಮೈಮೇಲೆ ಅಲೆಅಲೆ ಗುರುತು. ಹಿಂದಿನ ನಟ್ ಬಿಗಿದು ಸರಿಪಡಿಸಬಹುದು, ಆದರೆ ಕೊಂಚಕೊಂಚವಾಗಿ. ಗಂಟೆ ಹೊತ್ತು ಮಧ್ಯಮ ವೇಗದಲ್ಲಿ ಓಡಿಸಿದ ಮೇಲೆ ಬೇರಿಂಗ್ ಭಾಗ ಬೆಚ್ಚಗಿರಬೇಕು. ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಅತಿಯಾಗಿದೆ ಅಥವಾ ಎಣ್ಣೆ ತಲುಪುತ್ತಿಲ್ಲ. ಎಣ್ಣೆ ಮಟ್ಟ ತೋರಿಸುವ ಗಾಜನ್ನು ಬೆಳಿಗ್ಗೆ ನೋಡುವುದು ಐದು ಸೆಕೆಂಡಿನ ಕೆಲಸ.

ಚಕ್

ಮೂರು ಜಾ (ಹಿಡಿಯುವ ದವಡೆ) ಚಕ್‌ನಲ್ಲಿ ಒಳಗೊಂದು ಸುರುಳಿ ತೋಡಿನ ತಟ್ಟೆ ಇದೆ. ಕೀ ತಿರುಗಿಸಿದರೆ ಮೂರೂ ಜಾ ಒಟ್ಟಿಗೆ ಸರಿಯುತ್ತವೆ. ಜಾಗಳ ಮೇಲೂ ಅವು ಸರಿಯುವ ತೋಡುಗಳ ಬಳಿಯೂ 1, 2, 3 ಎಂದು ಕೊರೆದಿರುತ್ತದೆ. ಸುರುಳಿಯ ತುದಿ ಒಂದನೇ ತೋಡಿನಲ್ಲಿ ಕಂಡಾಗ 1, ಮುಂದೆ 2, ಆಮೇಲೆ 3 ಹಾಕಬೇಕು. ಕ್ರಮ ತಪ್ಪಿದರೆ ಜಾಗಳು ಮಧ್ಯದಲ್ಲಿ ಕೂಡುವುದೇ ಇಲ್ಲ. ಈ ಚಕ್ ಎಷ್ಟೇ ಚೆನ್ನಾಗಿದ್ದರೂ 0.05ರಿಂದ 0.1 ಮಿ.ಮೀ. ಔಟ್, ಅಂದರೆ ಜಾಬ್ ನಡು ತಪ್ಪಿ ತಿರುಗುವುದು, ಸಹಜ. ಆದ್ದರಿಂದ ಒಂದೇ ಅಕ್ಷದಲ್ಲಿರಬೇಕಾದ ವ್ಯಾಸಗಳನ್ನೆಲ್ಲ ಜಾಬ್ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಿ. ಬಿಚ್ಚಿ ತಿರುಗಿಸಿ ಹಿಡಿದರೆ ಆ ಔಟ್ ಜಾಬ್‌ಗೆ ಬರುತ್ತದೆ.

ಔಟ್ ಇರಬಾರದೆಂದರೆ ನಾಲ್ಕು ಜಾ ಚಕ್. ಇದರಲ್ಲಿ ಪ್ರತಿ ಜಾ ಬೇರೆಬೇರೆ ಸರಿಯುತ್ತದೆ. ಹೊಸಬರು ಹೆದರುತ್ತಾರೆ, ಆದರೆ ಕ್ರಮ ಹಿಡಿದರೆ ಐದು ನಿಮಿಷದ ಕೆಲಸ. ಚಕ್ ಮುಖದ ಮೇಲಿನ ವೃತ್ತಗಳನ್ನು ನೋಡಿ ನಾಲ್ಕೂ ಜಾ ಸರಿಸುಮಾರು ಹೊಂದಿಸಿ ಜಾಬ್ ಹಿಡಿಯಿರಿ. ಡಯಲ್ ಗೇಜ್ ತಾಗಿಸಿ, 1ನೇ ಜಾ ಎದುರಿಗೆ ಬಂದಾಗ ಸೊನ್ನೆ ಮಾಡಿ. ಅರ್ಧ ಸುತ್ತು ತಿರುಗಿಸಿ 3ನೇ ಜಾ ಎದುರು ಓದಿ. 0.40 ವ್ಯತ್ಯಾಸ ಬಂದರೆ ಜಾಬ್ ಸರಿಯಬೇಕಾದದ್ದು ಅದರ ಅರ್ಧ, 0.20. ಗೇಜ್ ಹೆಚ್ಚು ತೋರಿಸಿದ ಕಡೆ ಜಾಬ್ ಹೊರಕ್ಕಿದೆ. ಎದುರಿನ ಜಾ ತುಸು ಸಡಿಲಿಸಿ, ಹೆಚ್ಚಿರುವ ಕಡೆಯ ಜಾ ಬಿಗಿಯಿರಿ. ಈ ಜೋಡಿ ಸರಿಹೋದ ಮೇಲಷ್ಟೇ 2–4ರ ಜೋಡಿಗೆ ಹೋಗಿ. ಪಕ್ಕಪಕ್ಕದ ಜಾಗಳನ್ನು ಒಟ್ಟಿಗೆ ಮುಟ್ಟಿದರೆ ದಾರಿ ತಪ್ಪುತ್ತದೆ. 0.05 ಒಳಗೆ ಬಂದ ಮೇಲೆ ಯಾವುದನ್ನೂ ಸಡಿಲಿಸದೆ ಬರೀ ಬಿಗಿಯುತ್ತ ಸರಿಮಾಡಿ. ಕೊನೆಗೆ ಚಕ್‌ನಿಂದ 100 ಮಿ.ಮೀ. ಆಚೆ ಗೇಜ್ ಇಟ್ಟು ನೋಡಿ. ಅಲ್ಲಿ ಔಟ್ ಇದ್ದರೆ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಹಳೆಯ ಲೇತ್‌ಗಳಲ್ಲಿ ಚಕ್ ಸ್ಪಿಂಡಲ್ ಮೂತಿಗೆ ಥ್ರೆಡ್‌ನಿಂದ ಕೂತಿರುತ್ತದೆ. ಇಂಥದ್ದನ್ನು ವೇಗವಾಗಿ ರಿವರ್ಸ್ ಹೊಡೆದರೆ ಚಕ್ ಬಿಚ್ಚಿಕೊಂಡು ಬರುತ್ತದೆ. ಥ್ರೆಡ್ ಬದಲು ಪಿನ್‌ಗಳನ್ನು ಕಚ್ಚಿ ಹಿಡಿಯುವ ಕ್ಯಾಮ್‌ಲಾಕ್ ಮೂತಿಯಲ್ಲಿ ಈ ಭಯವಿಲ್ಲ, ಆದರೆ ಟೇಪರ್ ಒರೆಸದೆ ಹಾಕಿದರೆ ಔಟ್ ಖಂಡಿತ. ಇನ್ನು ಚಕ್ ಕೀ: ಅದು ಚಕ್‌ನಲ್ಲಿದ್ದರೆ ಅದರ ಮೇಲೆ ನಿಮ್ಮ ಕೈಯೂ ಇರಬೇಕು. ಕೈ ಬಿಟ್ಟ ಕ್ಷಣ ಕೀ ಹೊರಗೆ. ಚಾಲೂ ಆದ ಚಕ್‌ನಿಂದ ಹಾರುವ ಕೀ ತಲೆ ಒಡೆಯುತ್ತದೆ. ಕೈಗವಸು, ಉಂಗುರ, ಸಡಿಲ ತೋಳು, ಪಂಚೆ, ದುಪಟ್ಟಾ ಯಾವುದೂ ಲೇತ್ ಹತ್ತಿರ ಸಲ್ಲದು. ತಿರುಗುವ ಜಾಬ್‌ಗೆ ಎಮರಿ ಪೇಪರನ್ನು ಬೆರಳಿಗೆ ಸುತ್ತಿಕೊಂಡು ಹಿಡಿಯುವವರು ಆ ಬೆರಳನ್ನು ಪಣಕ್ಕಿಟ್ಟಂತೆ.

ಕ್ಯಾರೇಜ್: ಟೂಲ್ ಹೊತ್ತು ನಡೆಯುವ ಭಾಗ

ಬೆಡ್ ಮೇಲೆ ಕೂತ ಎಚ್ ಆಕಾರದ ಎರಕ ಸ್ಯಾಡಲ್. ಮುಂದೆ ಇಳಿಬಿದ್ದ ಪೆಟ್ಟಿಗೆ ಏಪ್ರನ್. ಕೈಚಕ್ರ, ಆಟೋ ಫೀಡ್ ಲಿವರ್, ಹಾಫ್ ನಟ್ ಲಿವರ್ ಎಲ್ಲ ಅದರಲ್ಲಿವೆ. ಸ್ಯಾಡಲ್ ಮೇಲೆ ಅಡ್ಡಲಾಗಿ ಸರಿಯುವುದು ಕ್ರಾಸ್ ಸ್ಲೈಡ್, ಅದರ ಮೇಲೆ ಬೇಕಾದ ಕೋನಕ್ಕೆ ತಿರುಗುವುದು ಕಾಂಪೌಂಡ್ ಸ್ಲೈಡ್, ತುದಿಯಲ್ಲಿ ಟೂಲ್ ಪೋಸ್ಟ್. ನೆಲದಿಂದ ಟೂಲ್ ತುದಿಯವರೆಗೆ ಇಷ್ಟು ಕೀಲುಗಳಿವೆ; ಒಂದೊಂದರ ಸಡಿಲವೂ ಕೂಡಿ ತುದಿಯಲ್ಲಿ ನಡುಕವಾಗುತ್ತದೆ.

ಸಡಿಲ ಹೋಗಲಾಡಿಸಲು ಗಿಬ್ ಪಟ್ಟಿಗಳಿವೆ. ಟೂಲ್ ಪೋಸ್ಟ್ ಹಿಡಿದು ಅಲುಗಿಸಿ ನೋಡಿ. ಕಟಕಟ ಎಂದರೆ ಗಿಬ್ ಸ್ಕ್ರೂಗಳನ್ನು ಒಂದೊಂದಾಗಿ, ಸ್ಲೈಡ್ ಕೈಗೆ ಸಮವಾಗಿ ಭಾರವಾಗುವಷ್ಟು ಬಿಗಿಯಿರಿ. ಹೆಚ್ಚು ಬಿಗಿದರೆ ಸ್ಲೈಡ್ ಜಿಗಿಜಿಗಿದು ಸರಿಯುತ್ತದೆ, 0.02 ಹಾಕಲು ಹೋದರೆ 0.06 ಹೋಗುತ್ತದೆ. ಬಳಸದ ಸ್ಲೈಡನ್ನು ಲಾಕ್ ಮಾಡಿ: ಫೇಸಿಂಗ್, ಪಾರ್ಟಿಂಗ್ ಮಾಡುವಾಗ ಕ್ಯಾರೇಜ್ ಲಾಕ್ ಹಾಕದಿದ್ದರೆ ಟೂಲ್ ಪಕ್ಕಕ್ಕೆ ಸರಿದು ಪಾರ್ಟಿಂಗ್ ಟೂಲ್ ಮುರಿಯುತ್ತದೆ.

ಕ್ರಾಸ್ ಸ್ಲೈಡ್‌ನ ಡಯಲ್ ಎಲ್ಲ ಯಂತ್ರದಲ್ಲೂ ಒಂದೇ ಭಾಷೆ ಆಡುವುದಿಲ್ಲ. ಸ್ಕ್ರೂ ಪಿಚ್ 5 ಮಿ.ಮೀ., ಡಯಲ್ ಮೇಲೆ 100 ಗೆರೆ ಇದ್ದರೆ ಒಂದು ಗೆರೆಗೆ ಟೂಲ್ 0.05 ಸರಿಯುತ್ತದೆ, ವ್ಯಾಸ 0.10 ಇಳಿಯುತ್ತದೆ. ಕೆಲವು ಡಯಲ್‌ಗಳು ವ್ಯಾಸವನ್ನೇ ಬರೆದಿರುತ್ತವೆ. ಗೊತ್ತಿಲ್ಲದ ಲೇತ್ ಹತ್ತಿದಾಗ ಒಂದು ಕಟ್ ಹಾಕಿ ಅಳೆದು, ಹತ್ತು ಗೆರೆ ತಿರುಗಿಸಿ ಮತ್ತೆ ಕಟ್ ಹಾಕಿ ಅಳೆಯಿರಿ. ಅದಕ್ಕಿಂತ ನಂಬಿಕಸ್ತ ದಾರಿ ಇಲ್ಲ.

ಬ್ಯಾಕ್‌ಲ್ಯಾಶ್ ಎಂದರೆ ಹ್ಯಾಂಡಲ್ ತಿರುಗಿದರೂ ಸ್ಲೈಡ್ ಸರಿಯದ ಆ ಖಾಲಿ ತಿರುವು. ಸ್ಕ್ರೂ ಮತ್ತು ಕಂಚಿನ ನಟ್ ಸವೆದಂತೆ ಬೆಳೆಯುತ್ತದೆ. ಅದಿದ್ದರೂ ನಿಖರವಾಗಿ ಕೆಲಸ ಮಾಡಬಹುದು, ಅಳತೆಗೆ ಯಾವಾಗಲೂ ಒಳಮುಖವಾಗಿಯೇ ಬಂದರೆ. ಒಂದು ಗೆರೆ ಹೆಚ್ಚು ಹೋಯಿತೆಂದು ಒಂದೇ ಗೆರೆ ಹಿಂದೆ ತಿರುಗಿಸಿದರೆ ಟೂಲ್ ಇದ್ದಲ್ಲೇ ಇರುತ್ತದೆ, ಜಾಬ್ ಅಂಡರ್ ಸೈಜ್ ಆಗುತ್ತದೆ. ಪೂರ್ತಿ ಒಂದು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ.

ಕಾಂಪೌಂಡ್ ಸ್ಲೈಡ್ ಗಿಡ್ಡ ಟೇಪರ್‌ಗಳಿಗೆ. ದೊಡ್ಡ ವ್ಯಾಸದಲ್ಲಿ ಸಣ್ಣ ವ್ಯಾಸ ಕಳೆದು, ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋನದ ಟ್ಯಾನ್ ಸಿಗುತ್ತದೆ. 50 ಮಿ.ಮೀ. ಉದ್ದದಲ್ಲಿ 40ರಿಂದ 30ಕ್ಕೆ ಇಳಿಯಬೇಕಾದರೆ 10 ಭಾಗಿಸು 100, ಅಂದರೆ 0.1, ಕೋನ 5 ಡಿಗ್ರಿ 43 ಮಿನಿಟ್. ಇದೇ ಕೋನಕ್ಕೆ ಇನ್ನೊಂದು ಉಪಯೋಗವಿದೆ. ಕಾಂಪೌಂಡನ್ನು ಜಾಬ್‌ನ ಉದ್ದಕ್ಕೆ ಸುಮಾರು 5¾ ಡಿಗ್ರಿ ಓರೆ ಇಟ್ಟರೆ ಅದು 0.10 ಸರಿದಾಗ ಟೂಲ್ ಒಳಗೆ ಹೋಗುವುದು 0.01 ಮಾತ್ರ. ಬೇರಿಂಗ್ ಸೀಟ್‌ಗೆ ಕೊನೆಯ ಕೂದಲೆಳೆ ಅಳತೆಗೆ ತಡಕಾಡುವ ಬದಲು ಹೀಗೆ ಮಾಡಿದರೆ ಒರಟು ಡಯಲ್‌ನಲ್ಲೂ ಸಣ್ಣ ಕಟ್ ಹಾಕಲು ಬರುತ್ತದೆ.

ಟೂಲ್ ತುದಿ ಸೆಂಟರ್ ಎತ್ತರದಲ್ಲೇ ಇರಬೇಕು. ಮೇಲಿದ್ದರೆ ಟೂಲ್‌ನ ಹೊಟ್ಟೆ ಜಾಬ್‌ಗೆ ಉಜ್ಜುತ್ತದೆ, ಕತ್ತರಿಸುವುದಿಲ್ಲ. ಕೆಳಗಿದ್ದರೆ ಜಾಬ್ ಟೂಲ್ ಮೇಲೆ ಹತ್ತಲು ನೋಡುತ್ತದೆ, ಫೇಸಿಂಗ್‌ನಲ್ಲಿ ನಡುವೆ ಮೊಳೆಯಂಥ ಗುಬುಟು ಉಳಿಯುತ್ತದೆ. ತೆಳು ಸ್ಟೀಲ್ ಸ್ಕೇಲನ್ನು ನಿಂತ ಜಾಬ್‌ಗೂ ಟೂಲ್ ತುದಿಗೂ ನಡುವೆ ಮೆಲ್ಲಗೆ ಸಿಕ್ಕಿಸಿ ನೋಡಿ: ಸ್ಕೇಲ್ ನೇರ ನಿಂತರೆ ಸರಿ, ಮೇಲ್ತುದಿ ನಿಮ್ಮ ಕಡೆ ವಾಲಿದರೆ ಟೂಲ್ ಕೆಳಗಿದೆ, ಆ ಕಡೆ ವಾಲಿದರೆ ಮೇಲಿದೆ. ಪ್ಯಾಕಿಂಗ್ ಪಟ್ಟಿ ಟೂಲ್‌ನ ಅಡಿ ಪೂರ್ತಿ ಉದ್ದಕ್ಕೂ ಇರಲಿ. ಹ್ಯಾಕ್ಸಾ ಬ್ಲೇಡ್ ತುಂಡು ಒಂದೇ ತುದಿಗೆ ಕೊಟ್ಟರೆ ಟೂಲ್ ಮೂತಿ ತಗ್ಗುತ್ತದೆ. ಟೂಲ್ ಹೊರಚಾಚು ಅದರ ಎತ್ತರದ ಒಂದೂವರೆ ಪಟ್ಟು ಮೀರದಿರಲಿ.

ಫೇಸ್ ಪರೀಕ್ಷೆ: 300 ಮಿ.ಮೀ. ವ್ಯಾಸದ ತಟ್ಟೆ ಫೇಸ್ ಮಾಡಿ ಸ್ಟ್ರೈಟ್ ಎಡ್ಜ್ ಇಟ್ಟು ನೋಡಿದರೆ ನಡುವೆ 0.02 ಮಿ.ಮೀ. ಒಳಗೆ ತಗ್ಗಿರಬಹುದು. ಉಬ್ಬಿರಬಾರದು. ಉಬ್ಬಿದ ಫ್ಲೇಂಜ್ ಇನ್ನೊಂದರ ಜೊತೆ ಕೂತಾಗ ಓಲಾಡುತ್ತದೆ, ತಗ್ಗಿದ್ದು ಅಂಚಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ತಯಾರಕರೇ ಕ್ರಾಸ್ ಸ್ಲೈಡನ್ನು ಆ ಕಡೆಗೆ ಕೂದಲೆಳೆ ಓರೆ ಇಟ್ಟಿರುತ್ತಾರೆ.

ಫೀಡ್ ರಾಡ್, ಲೀಡ್ ಸ್ಕ್ರೂ, ಗಿಯರ್ ಬಾಕ್ಸ್

ಬೆಡ್ ಮುಂದೆ ಉದ್ದಕ್ಕೂ ಎರಡು ಸರಳುಗಳಿವೆ. ನುಣುಪಾದದ್ದು, ಉದ್ದಕ್ಕೆ ತೋಡು ಇರುವುದು ಫೀಡ್ ರಾಡ್. ಟರ್ನಿಂಗ್, ಫೇಸಿಂಗ್ ಆಟೋ ಫೀಡ್‌ಗೆ. ಥ್ರೆಡ್ ಇರುವುದು ಲೀಡ್ ಸ್ಕ್ರೂ. ಥ್ರೆಡ್ ಹಾಕಲು ಮಾತ್ರ. ಲೀಡ್ ಸ್ಕ್ರೂನಿಂದ ದಿನಾ ಟರ್ನಿಂಗ್ ಮಾಡಿದರೆ ಚಕ್ ಕಡೆಯ ಭಾಗವಷ್ಟೇ ಸವೆದು ಮುಂದೆ ಥ್ರೆಡ್ ಪಿಚ್ ತಪ್ಪುತ್ತದೆ. ಸರಳಿನ ತುದಿಯ ಮೆದು ಶಿಯರ್ ಪಿನ್ ಮುರಿದರೆ ಅದೇ ಅಳತೆಯ ಮೆದು ಪಿನ್ನನ್ನೇ ಹಾಕಿ. ಗಟ್ಟಿ ಬೋಲ್ಟ್ ತುಂಡು ಹಾಕಿದರೆ ಮುಂದಿನ ಸಲ ಕ್ಯಾರೇಜ್ ಚಕ್‌ಗೆ ಗುದ್ದಿದಾಗ ಮುರಿಯುವುದು ಏಪ್ರನ್ ಗಿಯರ್.

ಗಿಯರ್ ಬಾಕ್ಸ್ ಮುಚ್ಚಳದ ಮೇಲಿನ ಪಟ್ಟಿ ನೋಡಿ ಲಿವರ್ ಇಟ್ಟರೆ ಬೇಕಾದ ಪಿಚ್ ಬರುತ್ತದೆ. ಗಿಯರ್ ಬಾಕ್ಸ್ ಇಲ್ಲದ ಲೇತ್‌ನಲ್ಲಿ ಚೇಂಜ್ ಗಿಯರ್ ಲೆಕ್ಕ ಹಾಕಬೇಕು: ಬೇಕಾದ ಪಿಚ್ ಭಾಗಿಸು ಲೀಡ್ ಸ್ಕ್ರೂ ಪಿಚ್. 6 ಮಿ.ಮೀ. ಲೀಡ್ ಸ್ಕ್ರೂನಲ್ಲಿ 1.5 ಪಿಚ್ ಬೇಕೆಂದರೆ 1.5/6, ಅಂದರೆ ಸ್ಪಿಂಡಲ್ ಕಡೆ 20 ಹಲ್ಲು, ಲೀಡ್ ಸ್ಕ್ರೂಗೆ 80. ಲೀಡ್ ಸ್ಕ್ರೂ ಇಂಚಿಗೆ 4 ಥ್ರೆಡ್‌ನದಾದರೆ ಪಿಚ್ 6.35 ಮಿ.ಮೀ.; ಅದರಲ್ಲಿ 2 ಮಿ.ಮೀ. ಪಿಚ್‌ಗೆ 40/127. ಹಳೆಯ ಲೇತ್ ಜೊತೆ 127 ಹಲ್ಲಿನ ದೊಡ್ಡ ಗಿಯರ್ ಸಿಕ್ಕರೆ ಗುಜರಿಗೆ ಹಾಕಬೇಡಿ. ಇಂಚಿನ ಲೀಡ್ ಸ್ಕ್ರೂನಲ್ಲಿ ಕರಾರುವಾಕ್ಕಾಗಿ ಮೆಟ್ರಿಕ್ ಥ್ರೆಡ್ ಬರುವುದು ಅದರಿಂದಲೇ, 25.4ರ ಐದು ಪಟ್ಟು 127.

ಲೀಡ್ ಸ್ಕ್ರೂ ಹಿಡಿದು ಕ್ಯಾರೇಜನ್ನು ಸಾಗಿಸುವ ಹಾಫ್ ನಟ್ ಬಿಟ್ಟು ಹಾಕುವಲ್ಲಿ ಹೆಚ್ಚು ಥ್ರೆಡ್ ಹಾಳಾಗುವುದು. 6 ಮಿ.ಮೀ. ಲೀಡ್ ಸ್ಕ್ರೂನಲ್ಲಿ 1, 1.5, 2, 3 ಪಿಚ್‌ಗಳಿಗೆ ಎಲ್ಲಿ ಬೇಕಾದರೂ ಹಾಕಬಹುದು, 6 ಅವುಗಳಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 1.25, 1.75, 2.5ಕ್ಕೆ ಹಾಗಲ್ಲ, ನಟ್ ತೆರೆಯದೆ ಟೂಲ್ ಹಿಂದೆಳೆದು ಯಂತ್ರವನ್ನೇ ರಿವರ್ಸ್ ಮಾಡಿ ವಾಪಸ್ ಬನ್ನಿ. 127 ಗಿಯರ್ ಹಾಕಿ ಮಾಡುವ ಥ್ರೆಡ್‌ಗೂ ಇದೇ ನಿಯಮ. ಹೊರಗಿನ ಮೆಟ್ರಿಕ್ ಥ್ರೆಡ್‌ನ ಆಳ ಪಿಚ್‌ನ 0.613 ಪಟ್ಟು; 2.5 ಪಿಚ್‌ಗೆ 1.53 ಮಿ.ಮೀ.

ಟೇಲ್‌ಸ್ಟಾಕ್

ಉದ್ದ ಜಾಬ್‌ನ ಇನ್ನೊಂದು ತುದಿ ಹಿಡಿಯುವುದು, ಡ್ರಿಲ್, ರೀಮರ್ ತಳ್ಳುವುದು ಇದರ ಕೆಲಸ. ಒಳಗಿಂದ ಹೊರಬರುವ ಕ್ವಿಲ್‌ನಲ್ಲಿ ಮೋರ್ಸ್ ಟೇಪರ್ (ಒಳಕ್ಕೆ ಕಿರಿದಾಗುತ್ತ ಹೋಗುವ ತೂತು) ಇದೆ. ಒರೆಸದೆ ಸೆಂಟರ್ ಹಾಕಿದರೆ ತಿರುಗಿ ಒಳಮೈ ಕೆರೆದುಹೋಗುತ್ತದೆ. ಕ್ವಿಲ್ ಅನ್ನು ಬೇಕಾದಷ್ಟೇ ಹೊರಗಿಟ್ಟು ಲಾಕ್ ಮಾಡಿ.

ಟೇಲ್‌ಸ್ಟಾಕ್ ತಳದ ಎರಡು ಬದಿ ಸ್ಕ್ರೂಗಳು ಅದನ್ನು ಅಡ್ಡ ಸರಿಸುತ್ತವೆ. ಉದ್ದ ಟೇಪರ್ ಬೇಕಾದಾಗ ಬೇಕೆಂದೇ ಸರಿಸುತ್ತಾರೆ, ಆಮೇಲೆ ಮರೆಯುತ್ತಾರೆ. ಎರಡು ಸೆಂಟರ್ ನಡುವೆ ಹಿಡಿದ ಜಾಬ್ ಟೇಲ್‌ಸ್ಟಾಕ್ ತುದಿಯಲ್ಲಿ 0.06 ದಪ್ಪ ಬಂದರೆ ಟೇಲ್‌ಸ್ಟಾಕನ್ನು 0.03 ನಿಮ್ಮ ಕಡೆಗೆ ತನ್ನಿ, ಸಣ್ಣ ಬಂದರೆ ಆಚೆಗೆ. ಕ್ವಿಲ್‌ಗೆ ಡಯಲ್ ಗೇಜ್ ತಾಗಿಸಿಕೊಂಡು ಮಾಡಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ಇದಕ್ಕೆ ಮೊದಲು ಬೆಡ್‌ನ ಎರಡು ಕಾಲರ್ ಪರೀಕ್ಷೆ ಆಗಿರಬೇಕು. ತಿರುಚಿದ ಬೆಡ್ ಮೇಲೆ ಟೇಲ್‌ಸ್ಟಾಕ್ ಸರಿಸಿ ಟೇಪರ್ ತೆಗೆದರೆ ಆ ಉದ್ದದ ಜಾಬ್‌ಗೆ ಮಾತ್ರ ಸರಿಹೋಗುತ್ತದೆ. ಚಕ್‌ನಲ್ಲಿ ಹಿಡಿದ ಮುಂದಿನ ಬುಶ್ ಮತ್ತೆ ಟೇಪರ್ ಬರುತ್ತದೆ.

ಡೆಡ್ ಸೆಂಟರ್ (ಜಾಬ್ ಜೊತೆ ತಿರುಗದ್ದು) ಆದರೆ ಗ್ರೀಸ್ ಹಾಕಿ. ರಿವಾಲ್ವಿಂಗ್ ಸೆಂಟರ್‌ನಲ್ಲಿ ಬೇರಿಂಗ್ ಸದ್ದು ಕೇಳುತ್ತಿರಿ. ಕಟ್ ಹಾಕುತ್ತ ಹೋದಂತೆ ಜಾಬ್ ಬಿಸಿಯಾಗಿ ಉದ್ದವಾಗುತ್ತದೆ. 500 ಮಿ.ಮೀ. ಉಕ್ಕಿನ ಶಾಫ್ಟ್ 40 ಡಿಗ್ರಿ ಬಿಸಿಯಾದರೆ 0.23 ಮಿ.ಮೀ. ಬೆಳೆಯುತ್ತದೆ. ಸೆಂಟರ್ ಬಿಗಿಯಾಗೇ ಇದ್ದರೆ ಶಾಫ್ಟ್ ಬಿಲ್ಲಿನಂತೆ ಬಾಗಿ ನಡುವೆ ಸಣ್ಣಗಾಗುತ್ತದೆ, ಇಲ್ಲವೇ ಸೆಂಟರ್ ಸುಡುತ್ತದೆ. ನಡುನಡುವೆ ನಿಲ್ಲಿಸಿ ತುಸು ಸಡಿಲಿಸಿ ಮತ್ತೆ ಮುಟ್ಟಿಸಿ. ಕೊನೆಯ ಅಳತೆ ಜಾಬ್ ತಣ್ಣಗಾದ ಮೇಲೆ.

ಚಕ್‌ನಿಂದ ವ್ಯಾಸದ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಚಾಚಿದರೆ ಟೇಲ್‌ಸ್ಟಾಕ್ ಕೊಡಿ. ಹತ್ತು–ಹನ್ನೆರಡು ಪಟ್ಟು ಮೀರಿದರೆ ನಡುವೆ ಬೆಡ್‌ಗೆ ಬಿಗಿಯುವ ಸ್ಟೆಡಿ ರೆಸ್ಟ್ ಅಥವಾ ಕ್ಯಾರೇಜ್ ಜೊತೆ ಸಾಗುವ ಫಾಲೋವರ್ ರೆಸ್ಟ್ ಬೇಕು. ಸ್ಟೆಡಿಯ ಬೆರಳುಗಳನ್ನು ಮೊದಲು ದುಂಡು ಮಾಡಿದ ಜಾಗದ ಮೇಲೇ ಕೂರಿಸಿ. ಕಪ್ಪು ಸರಳಿನ ಮೇಲೆ ಕೂರಿಸಿದರೆ ಅದರ ಅಂಕುಡೊಂಕೇ ಜಾಬ್‌ಗೆ ನಕಲಾಗುತ್ತದೆ.

ದಿನದ ಎಣ್ಣೆ, ದಿನದ ಗುಡಿಸು

ಹಳಿಗಳಿಗೆ ಸ್ಲೈಡ್‌ವೇ ಎಣ್ಣೆ, ಗ್ರೇಡ್ 68. ಹೆಡ್‌ಸ್ಟಾಕ್‌ಗೆ ತಯಾರಕರು ಪಟ್ಟಿಯಲ್ಲಿ ಹೇಳಿದ್ದೇ. ಹಳಿಗೆ ಎಂಜಿನ್‌ನಿಂದ ಇಳಿಸಿದ ಹಳೆ ಎಣ್ಣೆ ಬಳಸಬೇಡಿ, ಅದರಲ್ಲಿ ಸವೆತದ ಕಬ್ಬಿಣದ ಪುಡಿ ತೇಲುತ್ತಿರುತ್ತದೆ. ಕೂಲೆಂಟ್ ಎಣ್ಣೆಯನ್ನು ಒಂದಕ್ಕೆ ಇಪ್ಪತ್ತು ನೀರಿನಂತೆ ಕಲಸಿ, ನೀರಿಗೆ ಎಣ್ಣೆ ಸುರಿಯುತ್ತ. ಉಲ್ಟಾ ಸುರಿದರೆ ಮೊಸರಿನಂತೆ ಒಡೆಯುತ್ತದೆ. ಎರಕದ ಕಬ್ಬಿಣವನ್ನು ಒಣದಾಗಿಯೇ ಕತ್ತರಿಸಿ, ಆದರೆ ಅದರ ಕರಿ ಪುಡಿ ಎಣ್ಣೆಯ ಜೊತೆ ಸೇರಿ ಗ್ರೈಂಡಿಂಗ್ ಪೇಸ್ಟ್ ಆಗುವುದರಿಂದ ಹಳಿಗೆ ಮೊದಲೇ ಬಟ್ಟೆ ಹೊದಿಸಿ.

ಸಂಜೆ ಚಿಪ್ಸ್ ಅನ್ನು ಬ್ರಷ್‌ನಿಂದ ಗುಡಿಸಿ. ಏರ್ ಗನ್ ಹೊಡೆದರೆ ಅವು ಸ್ಯಾಡಲ್ ವೈಪರ್ ದಾಟಿ ಒಳಗೆ ಹೋಗುತ್ತವೆ, ನಾಳೆ ಬೆಳಿಗ್ಗೆಯಿಂದ ಅವೇ ಬೆಡ್ ಕೊರೆಯುತ್ತವೆ. ಕ್ಯಾರೇಜನ್ನು ಟೇಲ್‌ಸ್ಟಾಕ್ ಕಡೆಗೆ ಸರಿಸಿ, ಚಕ್ ಕೆಳಗಿನ ಹಳಿಗೆ ಎಣ್ಣೆ ಸವರಿ, ಮೇನ್ ಸ್ವಿಚ್ ಆಫ್ ಮಾಡಿ.